ಲೀನಿಯಾಕ್ಕೆ ದೊಡ್ಡ ಟರ್ಬೋ ಹಾಕ್ಸಿದ್ದು: ಬಳ್ಳಾರಿ ಬಿಸಿಲಲ್ಲಿ ಮೂರು ತಿಂಗಳ ಪಡಿಪಾಟಲು

ಹೋದ ಬೇಸಿಗೇಲಿ ನನ್ ಕಾರು ಕೌಲ್ ಬಜಾರ್ ಕಡೆ ಹೊಂಟ್ರೆ ಮುಂದಿದ್ದ ಆಟೋದವರು ತಾವಾಗೇ ಸೈಡ್ ಕೊಡ್ತಿದ್ರು. ಮರ್ಯಾದೆಗಲ್ಲ, ಹಿಂದೆ ಆಂಬುಲೆನ್ಸ್ ಬರ್ತಾ ಐತೆ ಅಂದ್ಕೊಂಡು. 2000 ಆರ್‌ಪಿಎಂ ದಾಟಿದ ಕೂಡ್ಲೆ ಬಾನೆಟ್ ಒಳಗಿಂದ ಉಂಯ್ಯ್ ಅಂತ ಸೈರನ್ ಥರ ಸೌಂಡು. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರಿಂದ ನೀಲಿ ಹೊಗೆ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ಜಾಸ್ತಿ ಆಯಿಲ್ ಕುಡಿಯೋದು ಬೇರೆ. ಟರ್ಬೋ ಅಂದ್ರೆ ಇಂಜಿನ್ ಬಿಡೋ ಹೊಗೆ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಐಟಂ. ಅದು ಸಾಯೋಕೆ ಮುಂಚೆ ಏನೇನ್ ಲಕ್ಷಣ ತೋರ್ಸುತ್ತೋ ಅಷ್ಟೂ ತೋರ್ಸಿತ್ತು, ನಾನೇ ಒಂದೂವರೆ ತಿಂಗಳು ಕಂಡೂ ಕಾಣದಂಗೆ ಓಡಿಸಿದೆ.

ಕಾರು 2011ರ ಫಿಯಟ್ ಲೀನಿಯಾ ಟಿ-ಜೆಟ್. ಪೆಟ್ರೋಲು, 1368 ಸಿಸಿ, ಕಂಪನಿ ಲೆಕ್ಕದಲ್ಲಿ 114 ಹಾರ್ಸ್‌ಪವರ್, 207 ನ್ಯೂಟನ್ ಮೀಟರ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಕೆಎ 34 ರಿಜಿಸ್ಟ್ರೇಶನ್ನೇ. ಫಿಯಟ್ ಕಾರು ನಮ್ಮಲ್ಲಿ ಮಾರೋದು ನಿಂತು ವರ್ಷಗಳಾದವು, ಅದಕ್ಕೇ ಈ ಕಾರು ಇಟ್ಕೊಂಡಿರೋ ನಮ್ಮಂತೋರಿಗೆ ಪಾರ್ಟ್ ಹುಡುಕೋದೇ ಒಂದು ಸೈಡ್ ಬಿಸಿನೆಸ್ ಆಗೋಗೈತೆ. ನಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ಟು, ಹೊಸಪೇಟೆ ಕಡೆ ವಾರಕ್ಕೆ ಎರಡು ಸಲ ಓಡಾಟ, ಆ ರೋಡ್ ಗೊತ್ತಿರೋರಿಗೆ ಗೊತ್ತು, ಕುಡತಿನಿ ದಾಟಿದ್ರೆ ತೋರಣಗಲ್ ತನಕ ಲಾರಿ ಹಿಂದೆ ಲಾರಿ, ಓವರ್‌ಟೇಕ್ ಮಾಡಬೇಕಂದ್ರೆ ಇಂಜಿನ್ನಲ್ಲಿ ದಮ್ ಇರ್ಬೇಕು. ದೊಡ್ಡ ಟರ್ಬೋಗೆ ನಾನು ಕೊಟ್ಟ ಕಾರಣ ಇದು. ನಮ್ಮನೆಯವಳು ನಂಬಲಿಲ್ಲ, "ರೀ, ಸುಮ್ನೆ ಶೋಕಿ ಅನ್ನಿ, ಲಾರಿ ಮೇಲ್ಯಾಕೆ ಹಾಕ್ತೀರಿ" ಅಂದ್ಳು. ಅದೂ ನಿಜಾನೇ.

ಕಾರು ಬಿಚ್ಚಿದ್ದು ನಮ್ಮ ಉಸ್ತಾದ್. ಲಾರಿ ಟರ್ಬೋ ಬಿಚ್ಚಿ ಬಿಚ್ಚಿ ಕೈ ಪಳಗಿದ ಮನುಷ್ಯ, ಈಗ ಕಾರಿನ ಕೆಲಸಾನೂ ಮಾಡ್ತಾರೆ. ಬಂಪರ್ ಬಿಚ್ಚಿ, ರೇಡಿಯೇಟರ್ ಫ್ಯಾನ್ ಈಚೆ ತೆಗೆದು, ಟರ್ಬೋಗೆ ಗಾಳಿ ಹೋಗೋ ರಬ್ಬರ್ ಪೈಪ್ ಕಳಚಿ ನನ್ ಮೂಗಿನ ಹತ್ರ ಹಿಡಿದ್ರು. ಪೈಪ್ ಒಳಗೆ ಕುಂಕುಮ ಹಚ್ಚಿದಂಗೆ ಕೆಂಪು ಧೂಳು, ಆಯಿಲ್ ಆವಿ ಜತೆ ಕಲೆತು ಪೇಸ್ಟ್ ಆಗೈತೆ. ಆಮೇಲೆ ಟಾರ್ಚ್ ಹಾಕಿ ಕಂಪ್ರೆಸರ್ ಚಕ್ರ, ಅಂದ್ರೆ ಗಾಳಿ ಎಳೆದು ಒತ್ತೋ ಚಕ್ರ ತೋರ್ಸಿದ್ರು. ಅಲ್ಯೂಮಿನಿಯಂ ಚಕ್ರ ಅದು, ರೆಕ್ಕೆಗಳ ಮುಂದಿನ ಅಂಚು ಬ್ಲೇಡ್ ಥರ ಚೂಪಾಗಿ ಇರ್ಬೇಕು. ನಂದು ನಮ್ಮನೇ ಹಳೇ ತೆಂಗಿನಕಾಯಿ ತುರಿಮಣೆ ಹಲ್ಲಿನಂಗೆ ಮೊಂಡಾಗಿ, ಒಂದೊಂದು ರೆಕ್ಕೆ ಒಂದೊಂದು ಅಳತೆ ಆಗಿತ್ತು. ಬೆರಳಲ್ಲಿ ಶಾಫ್ಟ್ ಹಿಡಿದು ಅಲ್ಲಾಡ್ಸಿದ್ರೆ ಟಿಕ್ ಟಿಕ್ ಅಂತ ಗೋಡೆಗೆ ತಾಗ್ತಿತ್ತು.

"ಅಣ್ಣಾ, ಪಕ್ಕಕ್ಕೆ ಒಂಚೂರು ಅಲ್ಲಾಡಿದ್ರೆ ನಡೀತೈತೆ, ಆಯಿಲ್ ಫಿಲ್ಮ್ ಮೇಲೆ ತೇಲೋ ಬೇರಿಂಗು ಅದು. ಹಿಂದೆ ಮುಂದೆ ಆಡಂಗಿಲ್ಲ. ನಿಂದು ಹಿಂದೆ ಮುಂದೆ ಎರಡೂ ಆಡ್ತೈತೆ. ಇದನ್ನ ತೂಕಕ್ಕೆ ಹಾಕು."

ಯಾಕೆ ಹಿಂಗಾಯ್ತು ಅಂತ ನೋಡಿದ್ರೆ ಏರ್ ಫಿಲ್ಟರ್ ಡಬ್ಬಿದು ಒಂದು ಕ್ಲಿಪ್ ಮುರಿದಿತ್ತು. ಹಿಂದೆ ಯಾರೋ ಸರ್ವೀಸ್ ಮಾಡಿದವರು, ಹೆಸರು ಬೇಡ ಬಿಡಿ, ಮುರಿದ ಕ್ಲಿಪ್ ಜಾಗದಲ್ಲಿ ಕೇಬಲ್ ಟೈ ಕಟ್ಟಿ ಕಳ್ಸಿದ್ರು. ಅದು ಬಿಸಿಗೆ ಸಡ್ಲ ಆಗಿ, ಡಬ್ಬಿ ಒಂದು ಮೂಲೇಲಿ ಬಾಯಿ ಬಿಟ್ಟಿತ್ತು, ಗಾಳಿ ಫಿಲ್ಟರ್ ಮೂಲಕ ಹೋಗೋ ಬದ್ಲು ಆ ಸಂದಿಯಿಂದ ನೇರ ನುಗ್ಗಿದೆ. ನಮ್ಮ ಕಡೆ ಧೂಳು ಅಂದ್ರೆ ಬರೀ ಮಣ್ಣಲ್ಲ, ಅದಿರಿನ ಪುಡಿ. ಇಂತಾ ಸಣ್ಣ ಟರ್ಬೋ ನಿಮಿಷಕ್ಕೆ 2 ಲಕ್ಷ ಸುತ್ತು ದಾಟಿ ತಿರುಗೋ ಐಟಂ, ಆ ಸ್ಪೀಡಲ್ಲಿ ಕಬ್ಬಿಣದ ಪುಡಿ ಬಂದು ಬಡಿದ್ರೆ ಅಲ್ಯೂಮಿನಿಯಂ ಗತಿ ಏನು. ಒಂದು ಕ್ಲಿಪ್ಪು, ಅಷ್ಟೇ.

ಈಗ ಎರಡು ದಾರಿ ಇತ್ತು. ಹಳೇ ಟರ್ಬೋಗೇ ಕಾರ್ಟ್ರಿಡ್ಜ್ ಅಂದ್ರೆ ಮಧ್ಯದ ಶಾಫ್ಟ್, ಬೇರಿಂಗ್, ಚಕ್ರದ ಸೆಟ್ ಹೊಸದು ಹಾಕ್ಸೋದು, ಕಮ್ಮಿ ಖರ್ಚು. ಇಲ್ಲಾ ದೊಡ್ಡದಕ್ಕೆ ಹೋಗೋದು. ಇದೇ 1.4 ಟಿ-ಜೆಟ್ ಇಂಜಿನ್ನನ್ನ ಯುರೋಪಲ್ಲಿ ಅಬಾರ್ತ್ ಗ್ರಾಂಡೆ ಪುಂಟೋಗೆ 155 ಹಾರ್ಸ್‌ಪವರ್ ಮಾಡಿ ಕೊಟ್ಟಿದ್ರು, ಅದಕ್ಕೆ ಹಾಕಿದ್ದು ಗ್ಯಾರೆಟ್ ಜಿಟಿ1446 ಟರ್ಬೋ. ನಮ್ಮ ದೇಶದಲ್ಲೂ 2015ರಲ್ಲಿ ಅಬಾರ್ತ್ ಪುಂಟೋ ಅಂತ 145 ಹಾರ್ಸ್‌ಪವರಿಂದು ಬಂದಿತ್ತು, ಅಂದ್ರೆ ಬ್ಲಾಕ್ ತಡ್ಕೊಳ್ಳುತ್ತೆ ಅನ್ನೋದು ಕಂಪನಿಯವರೇ ತೋರ್ಸಿಕೊಟ್ಟಂಗೆ. ಬೆಂಗಳೂರಲ್ಲಿ ಹೊರದೇಶದ ಸೆಕೆಂಡ್ ಹ್ಯಾಂಡ್ ಪಾರ್ಟ್ ತರಿಸೋ ಒಬ್ಬರ ಹತ್ರ ಜಿಟಿ1446 ಇತ್ತು, ಹೊಸ ಕಾರ್ಟ್ರಿಡ್ಜ್ ಹಾಕಿ ಬ್ಯಾಲೆನ್ಸ್ ಮಾಡಿಸಿ ಕೊಡ್ತೀನಿ, ಆಯಿಲ್ ಪೈಪು, ಕೂಲೆಂಟ್ ಪೈಪು, ಟರ್ಬೋದಿಂದ ಹೊಗೆ ಈಚೆ ಒಯ್ಯೋ ಡೌನ್‌ಪೈಪ್ ಸಮೇತ 52 ಸಾವಿರ ಅಂದ್ರು. ಬರೀ ಟರ್ಬೋ ತಗೊಂಡ್ರೆ ಕಮ್ಮಿಗೆ ಬರ್ತಿತ್ತು, ಆದ್ರೆ ಪೈಪುಗಳ ಬಾಯಿ, ಬೋಲ್ಟಿನ ಜಾಗ ಹಳೇದಕ್ಕೆ ಕೂಡಲ್ಲ. ಯಾರಾದ್ರೂ ಮಾಡಿಸೋರಿದ್ರೆ ಪೂರ್ತಿ ಸೆಟ್ಟೇ ತಗೊಳ್ಳಿ. ಇಲ್ಲಾಂದ್ರೆ ಹೈಡ್ರಾಲಿಕ್ ಪೈಪ್ ಮಾಡೋ ಅಂಗಡಿ ಬಾಗಿಲಲ್ಲೇ ಹಾಸ್ಗೆ ಹಾಕ್ಬೇಕಾಗುತ್ತೆ.

ಟರ್ಬೋ ಬಸ್ ಪಾರ್ಸೆಲ್ಲಲ್ಲಿ ಬಂತು. ಬೆಳಗಿನ ಜಾವ ಐದಕ್ಕೆ ಬಸ್ ಸ್ಟ್ಯಾಂಡಿಗೆ ಹೋಗಿ ಮಗೂನ ಎತ್ಕೊಂಡಂಗೆ ಎತ್ಕೊಂಡು ಬಂದೆ, ಹಾಲಿನವನು ಕೇಳೇ ಬಿಟ್ಟ, ಏನ್ ಸಾರ್ ಮಿಕ್ಸರಾ ಅಂತ.

ಬಿಚ್ಚೋ ಕೆಲಸ ಎರಡು ದಿನ ಹಿಡೀತು, ಅದರಲ್ಲಿ ಒಂದೂವರೆ ದಿನ ಒಂದೇ ಒಂದು ಸ್ಟಡ್ಡಿಗೆ, ಅಂದ್ರೆ ತಲೆ ಇಲ್ಲದ ಬೋಲ್ಟಿಗೆ. ಇಂಜಿನ್ನಿನ ಬಿಸಿ ಹೊಗೆ ಈಚೆ ಬರೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ನಟ್ಟುಗಳು ವರ್ಷಗಟ್ಲೆ ಕೆಂಪಗೆ ಕಾದು ತಣ್ಣಗಾಗಿ ಸ್ಟಡ್ ಜತೆ ಒಂದಾಗಿ ಹೋಗಿರ್ತಾವೆ. ಹಿಂದಿನ ರಾತ್ರೀನೇ ತುಕ್ಕು ಬಿಡ್ಸೋ ಸ್ಪ್ರೇ ಹೊಡೆದು ಬಿಟ್ಟಿದ್ವಿ, ಬೆಳಗ್ಗೆ ಮತ್ತೆ ಹೊಡೆದ್ವಿ, ಎಲ್ಲಾ ಬಂದ್ವು. ಕೆಳಗಿನ ಮೂಲೇದು ಮಾತ್ರ ಸ್ಪ್ಯಾನರಿಗೆ ಮೊದ್ಲು ಸ್ವಲ್ಪ ತಿರುಗ್ತು, ಖುಷಿ ಆಯ್ತು, ಆಮೇಲೆ ಬೆಣ್ಣೆ ಥರ ಮೆತ್ತಗೆ ತಿರುಗ್ತು, ಅಷ್ಟೊತ್ತಿಗೆ ಉಸ್ತಾದ್ ಮುಖ ನೋಡ್ದೆ, ಟಕ್. ಮುರೀತು. ಇಂಜಿನ್ ಹೆಡ್ ಒಳಗೆ ತುಂಡು ಉಳೀತು, ಈಚೆ ಕಾಣೋದು ಎರಡು ಮಿಲಿಮೀಟರೂ ಇಲ್ಲ.

ಡ್ರಿಲ್ ಮಾಡೋಣ ಅಂದೆ. ಉಸ್ತಾದ್ ಬೇಡ ಅಂದ್ರು, ಹೆಡ್ ಅಲ್ಯೂಮಿನಿಯಮ್ಮು, ಸ್ಟಡ್ ಸ್ಟೀಲು, ಡ್ರಿಲ್ ಬಿಟ್ ಯಾವಾಗ್ಲೂ ಮೆತ್ತಗಿರೋ ಕಡೆ ಜಾರುತ್ತೆ, ಹೆಡ್ ತೂತಾದ್ರೆ ನಿನ್ ಕಾರೇ ಗುಜರಿಗೆ. ಅವರು ಮಾಡಿದ್ದು ನೋಡಿ. ಮುರಿದ ತುಂಡಿನ ತಲೆ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡಿ ತುಂಡಿಗೂ ನಟ್ಟಿಗೂ ಬೆಸೆದ್ರು. ವೆಲ್ಡಿಂಗ್ ಕಾವು ಇರೋವಾಗ್ಲೇ ಜೇಬಿಂದ ಮೇಣದ ಬತ್ತಿ ತೆಗೆದು ಬುಡಕ್ಕೆ ಮುಟ್ಟಿಸಿದ್ರು, ಮೇಣ ಕರಗಿ ಸ್ಟಡ್ಡಿನ ತಿರುಪಿನ ಸುತ್ತ ಒಳಗೆ ಎಳ್ಕೊಂಡು ಹೋಯ್ತು, ಕಣ್ಣಿಗೆ ಕಾಣ್ತಿತ್ತು. ಆಮೇಲೆ ಒಂದು ಬೀಡಿ. ಬೀಡಿ ಮುಗಿಯೋ ಹೊತ್ತಿಗೆ ತಣ್ಣಗಾಗಿತ್ತು. ಸ್ಪ್ಯಾನರ್ ಹಾಕಿ ಒಂದೇ ಸಲ ತಿರುಗಿಸಲ್ಲ ಅವರು, ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು, ಹಠ ಮಾಡೋ ಮಗೂಗೆ ಬುದ್ಧಿ ಹೇಳ್ದಂಗೆ. ಮೂರು ಸಲ ನಟ್ಟೇ ಕಿತ್ಕೊಂಡು ಬಂತು, ನಾಲ್ಕನೇ ಸಲ ಕಿರ್ರ್ ಅಂತು, ಬಂತು. ಅವತ್ತು ಮಧ್ಯಾಹ್ನ ಇಡೀ ಗ್ಯಾರೇಜಿಗೆ ಒಗ್ಗರಣೆ ಮಿರ್ಚಿ ನಂದೇ.

ಇಲ್ಲೇ ನಂದೊಂದು ದಡ್ಡತನ ಹೇಳ್ಬಿಡ್ತೀನಿ. ನಮ್ಮ ಯೂನಿಟ್ಟಲ್ಲಿ ಕಟಿಂಗ್ ವೇಸ್ಟ್ ಬಟ್ಟೆ ಮೂಟೆಗಟ್ಲೆ ಇರುತ್ತಲ್ಲ, ಒರ್ಸೋಕೆ ಅಂತ ಒಂದು ಚೀಲ ಡೆನಿಮ್ ತುಂಡು ತಂದು ಕೊಟ್ಟೆ, ಭಾರಿ ಉಪಕಾರ ಮಾಡಿದಂಗೆ. ಉಸ್ತಾದ್ ಒಂದು ತುಂಡಿನ ಅಂಚು ಎಳೆದು ತೋರ್ಸಿದ್ರು, ಬಿಳೀ ದಾರ ಎಳೆಎಳೆಯಾಗಿ ಬಂತು. ಈ ಒಂದು ಎಳೆ ಆಯಿಲ್ ತೂತಿಗೆ ಹೋದ್ರೆ 52 ಸಾವಿರ ಗೋವಿಂದ ಅಂದ್ರು. ಟರ್ಬೋ ಆಯಿಲ್ ತೂತು ಅಷ್ಟು ಸಣ್ಣದು. ತೆರೆದ ಬಾಯಿಗಳಿಗೆ ಬಟ್ಟೆ ತುರುಕೋದೂ ಬೇಡ, ಟೇಪ್ ಅಂಟ್ಸೋದು ಅಂತ ಹುಡುಗನಿಗೆ ಬೈದ್ರು. ಬಟ್ಟೆ ಒಳಗೇ ಮರೆತು ಸ್ಟಾರ್ಟ್ ಮಾಡಿದ ಕಥೆ ಪ್ರತಿ ಗ್ಯಾರೇಜಲ್ಲೂ ಒಂದು ಇರುತ್ತಂತೆ.

ಹಳೇ ಆಯಿಲ್ ಫೀಡ್ ಪೈಪ್ ಬಿಚ್ಚಿ ಅಡ್ಡಡ್ಡ ಕೊಯ್ದು ನೋಡಿದ್ವಿ, ಒಳಗೆ ಹಂಚಿನ ಮೇಲೆ ಸುಟ್ಟ ಎಣ್ಣೆ ಥರ ಕಪ್ಪಗೆ ಗಟ್ಟಿ ಪದರ. ಬಿಸಿಬಿಸಿ ಇಂಜಿನ್ ಟಪ್ ಅಂತ ಆಫ್ ಮಾಡಿದ್ರೆ ಆಯಿಲ್ ಓಡಾಟ ನಿಲ್ಲುತ್ತೆ, ಅಲ್ಲೇ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತೆ. ಹೈವೇ ಓಡಿಸಿ ಬಂದು ಡಾಬಾ ಮುಂದೆ ನಿಲ್ಸಿದ ಕೂಡ್ಲೆ ಕೀ ತಿರುಗಿಸೋ ಚಟ ನಂದು. ಈಗ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡ್ತೀನಿ, ಜತೇಲಿದ್ದೋರು ಇಳಿದು ಹೋಗಿ ಆರ್ಡರ್ ಕೊಟ್ಟಿರ್ತಾರೆ.

ಕೂರಿಸೋದು ಬಿಚ್ಚೋದಕ್ಕಿಂತ ಸಲೀಸು. ಹೊಸ ಗ್ಯಾಸ್ಕೆಟ್ಟು, ಹೊಸ ಸ್ಟಡ್ಡು, ಆಯಿಲ್ ಪೈಪ್ ಹಿಡಿಯೋ ಬ್ಯಾಂಜೋ ಬೋಲ್ಟಿಗೆ ಹೊಸ ತಾಮ್ರದ ವಾಷರ್ರು. ಆಯಿಲ್ ಲೈನಿಗೆ ಸಿಲಿಕಾನ್ ಪೇಸ್ಟ್ ಹಚ್ಚೋಕೆ ಬಿಡಲಿಲ್ಲ, ಹೆಚ್ಚಾದ ಪೇಸ್ಟ್ ಒಳಗೆ ಉಂಡೆ ಆಗಿ ಕಿತ್ಕೊಂಡು ಹೋಗಿ ಅಡ್ಡ ಕೂರುತ್ತೆ ಅಂತ. ರಿಟರ್ನ್ ಪೈಪ್ ಕೆಳಮುಖಾನೇ ಇರ್ಬೇಕು, ಅಲ್ಲಿ ಪಂಪ್ ಇಲ್ಲ, ಆಯಿಲ್ ತನ್ನ ಭಾರಕ್ಕೆ ತಾನೇ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ ಇಳೀಬೇಕು, ಪೈಪ್ ಮಡಚಿದ್ರೆ ಟರ್ಬೋದಲ್ಲೇ ಆಯಿಲ್ ನಿಂತು ಸೀಲ್ ದಾಟಿ ಹೊಗೆ ಬರುತ್ತೆ. ಆಮೇಲೆ ಹೊಸ ಟರ್ಬೋ ಆಯಿಲ್ ಬಾಯಿಗೆ ಸಿರಿಂಜಿನಲ್ಲಿ ಆಯಿಲ್ ತುಂಬಿ ಕೈಲಿ ಚಕ್ರ ತಿರುಗಿಸಿದ್ರು. ಫ್ಯುಯೆಲ್ ಪಂಪ್ ಫ್ಯೂಸ್ ಕಿತ್ತು, ಹತ್ತತ್ತು ಸೆಕೆಂಡು ಬರೀ ಸೆಲ್ಫ್ ಹೊಡೆದ್ವಿ, ಆಯಿಲ್ ಲೈಟ್ ಆರೋ ತನಕ. ಒಣಗಿದ ಬೇರಿಂಗ್ ಮೇಲೆ ಸ್ಟಾರ್ಟ್ ಮಾಡಿದ್ರೆ ಹೊಸ ಟರ್ಬೋ ಅಲ್ಲೇ ಹಳೇದು.

ಸ್ಟಾರ್ಟ್ ಆಯ್ತು. ಹೊಸ ಡೌನ್‌ಪೈಪ್ ಮೇಲಿನ ಎಣ್ಣೆ ಸುಟ್ಟು ಹೊಗೆ ಬಂತು, ಅದು ಮಾಮೂಲು. ಸೌಂಡ್ ಮಾತ್ರ ಆಹಾ. ಮೋಕಾ ರೋಡಲ್ಲಿ ಒಂದು ರೌಂಡ್ ಹೋದ್ವಿ, ಮೂರನೇ ಗೇರಲ್ಲಿ ಒತ್ತಿದೆ. ಏನೂ ಇಲ್ಲ. ಹಳೇ ಸತ್ತ ಟರ್ಬೋನೇ ಇದಕ್ಕಿಂತ ಎಳೀತಿತ್ತು. ಹುಸ್ಸ್ ಅಂತ ಗಾಳಿ ಸೌಂಡು, ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಲೈಟು. ಫೋನಿಗೆ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಇಟ್ಕೊಂಡಿದೀನಿ, ಅದರಲ್ಲಿ ಪಿ0299 ಅಂತ ಕೋಡ್ ಬಂತು, ಅಂದ್ರೆ ಬೂಸ್ಟ್, ಟರ್ಬೋ ತುಂಬೋ ಗಾಳಿ ಒತ್ತಡ, ಸಾಲ್ತಿಲ್ಲ. ಉಸ್ತಾದ್ ಸ್ಕ್ಯಾನರ್ ನೋಡ್ಲೇ ಇಲ್ಲ, ಸೌಂಡ್ ಕೇಳಿ "ಎಲ್ಲೋ ತೂತೈತೆ" ಅಂದ್ರು.

ಎಲ್ಲಿ ಅಂತ ಹುಡುಕೋಕೆ ಅವರು ಮಾಡಿದ ಐಡಿಯಾ ನನಗೆ ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟ ಆಯ್ತು. ಹಾರ್ಡ್‌ವೇರ್ ಅಂಗಡಿಯಿಂದ ಟರ್ಬೋ ಬಾಯಿ ಅಳತೆಗೆ ಒಂದು ಪಿವಿಸಿ ಎಂಡ್ ಕ್ಯಾಪ್ ತಂದ್ವಿ, ಪಂಕ್ಚರ್ ಅಂಗಡಿಯವನು ಅದಕ್ಕೆ ತೂತು ಹೊಡೆದು ಟ್ಯೂಬ್‌ಲೆಸ್ ವಾಲ್ವ್ ಕೂರಿಸಿದ. ಆ ಕ್ಯಾಪ್ ಟರ್ಬೋ ಇನ್‌ಟೇಕಿಗೆ ಕ್ಲ್ಯಾಂಪ್ ಮಾಡಿ, ಟೈರಿಗೆ ಗಾಳಿ ಹೊಡೆಯೋ ಹೋಸಿಂದ ಹತ್ತು ಹನ್ನೆರಡು ಪಿಎಸ್‌ಐ ಗಾಳಿ ತುಂಬಿದ್ವಿ, ಪಂಕ್ಚರ್ ಹುಡುಗ ಸೋಪಿನ ನೀರಿನ ಬಕೆಟ್ ಹಿಡ್ಕೊಂಡು ಟ್ಯೂಬ್ ನೋಡ್ದಂಗೆ ಒಂದೊಂದೇ ಜಾಯಿಂಟಿಗೆ ಸವರ್ತಾ ಬಂದ. ಟರ್ಬೋದಿಂದ ಬಂದ ಬಿಸಿ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಕೆಳಗಿನ ಹೋಸಿನ ಹತ್ರ ಇಡ್ಲಿ ಹಿಟ್ಟು ಉಬ್ಬಿದಂಗೆ ಬುರುಬುರು ನೊರೆ. ಕ್ಲ್ಯಾಂಪ್ ಅರ್ಧ ಇಂಚು ಪಕ್ಕಕ್ಕೆ ಕೂತಿತ್ತು, ಪೈಪಿನ ದಡ ದಾಟಿರಲಿಲ್ಲ, ಅಷ್ಟೇ. ಜತೆಗೆ ಹಳೇ ಹೋಸಲ್ಲಿ ಒಂದು ಕೂದಲೆಳೆ ಸೀಳು, ಅದನ್ನ ಹೊಸ ಸಿಲಿಕಾನ್ ಹೋಸಿಗೆ ಬದಲಾಯಿಸಿದ್ವಿ. ಪಂಕ್ಚರ್ ಹುಡುಗ 100 ರೂಪಾಯಿ ತಗೊಂಡ, ಟೈರ್ ಬಿಟ್ಟು ಇಂಜಿನ್ನಿಗೆ ಪಂಕ್ಚರ್ ನೋಡಿದ್ದು ಫಸ್ಟ್ ಟೈಮ್ ಅಂತ ನಗ್ತಿದ್ದ.

ಈಗ ಟ್ಯೂನಿಂಗ್. ದೊಡ್ಡ ಟರ್ಬೋ ಹಾಕಿ ಇಸಿಯುಗೆ, ಅಂದ್ರೆ ಇಂಜಿನ್ನಿನ ಕಂಪ್ಯೂಟರಿಗೆ ಹೇಳ್ದೇ ಇದ್ರೆ ಅದು ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತೆ, ಹಳೇ ಲೆಕ್ಕದಲ್ಲೇ ಕಿಡಿ ಕೊಡುತ್ತೆ. ಬೆಂಗಳೂರಿನ ಒಬ್ಬ ಟ್ಯೂನರ್ ಹತ್ರ ಮಾತಾಡಿದ್ದೆ, ಲ್ಯಾಪ್‌ಟಾಪಿಂದ ನಮ್ಮ ಬಾಷ್ ಇಸಿಯು ಫೈಲ್ ಓದಿ ಕಳ್ಸೋದು, ಅವರು ತಿದ್ದಿ ವಾಪಸ್ ಕಳಿಸ್ತಾರೆ, ನಾವು ರೈಟ್ ಮಾಡಿ ಓಡಿಸಿ ಲಾಗ್, ಅಂದ್ರೆ ಓಡಿಸಿದಾಗ ದಾಖಲಾದ ರೀಡಿಂಗು, ಕಳ್ಸೋದು. 22 ಸಾವಿರ. ಮೊದಲನೇ ಫೈಲ್ ಅವರು ಬೆಂಗಳೂರಲ್ಲಿ ಓಡಿಸಿ ನೋಡಿದ್ದ ಇಂಥದ್ದೇ ಕಾರಿನ ಫೈಲು. ಹಾಕಿದೆ, ಮಧ್ಯಾಹ್ನ ಎರಡಕ್ಕೆ ಹೊಸಪೇಟೆ ರೋಡಿಗೆ ಬಿಟ್ಟೆ, ಹೊರಗೆ 41 ಡಿಗ್ರಿ. ನಾಲ್ಕನೇ ಗೇರಲ್ಲಿ ಒತ್ತಿದ್ರೆ ಮೊದ್ಲು ಜೋರಾಗಿ ಎಳೀತು, ಆಮೇಲೆ ಡಬ್ಬಿಲಿ ಗುಂಡುಕಲ್ಲು ಹಾಕಿ ಅಲ್ಲಾಡ್ಸಿದಂಗೆ ಕಟಕಟ. ಕಾಲು ತೆಗೆದೆ. ಎದೆನೂ ಕಟಕಟ.

ಅದು ನಾಕಿಂಗ್. ಕಿಡಿಯಿಂದ ಹತ್ತಿದ ಬೆಂಕಿ ಬರೋಕೆ ಕಾಯದೆ ಸಿಲಿಂಡರ್ ಮೂಲೇಲಿ ಉಳಿದ ಗಾಳಿ ಪೆಟ್ರೋಲ್ ಮಿಶ್ರಣ ಬಿಸಿಗೆ, ಒತ್ತಡಕ್ಕೆ ತಾನೇ ಸಿಡಿಯೋದು. ಈ ಇಂಜಿನ್ ಸಿಲಿಂಡರಲ್ಲಿ ಮಿಶ್ರಣ ಅದುಮೋ ಲೆಕ್ಕ, ಕಂಪ್ರೆಷನ್ನೇ 9.8ಕ್ಕೆ 1, ಅದರ ಮೇಲೆ ಟರ್ಬೋ ಒತ್ತಡ, ಅದರ ಮೇಲೆ ನಮ್ಮೂರ ಬಿಸಿಲು. ಲಾಗ್ ನೋಡಿದ್ರೆ ಇಂಜಿನ್ನಿಗೆ ಹೋಗೋ ಗಾಳಿನೇ 68 ಡಿಗ್ರಿ ಇತ್ತು, ನಾಕ್ ಸೆನ್ಸರ್ ಮಾತು ಕೇಳಿ ಇಸಿಯು ಕಿಡಿ ಕೊಡೋ ಟೈಮಿಂಗ್ ಹಿಂದಕ್ಕೆ ಎಳೆದು ಎಳೆದು ಸುಸ್ತಾಗಿತ್ತು. ಟ್ಯೂನರ್ ಫೋನಲ್ಲಿ "ಸರ್, ನಿಮ್ಮೂರಲ್ಲಿ ಏನ್ ಬೆಂಕಿ ಹಾಕಿದಾರಾ" ಅಂದ್ರು. ಇಲ್ಲಪ್ಪ, ಮೇ ತಿಂಗಳು.

ಬೂಸ್ಟ್ ಲೆಕ್ಕದಲ್ಲೂ ಒಂದು ಗೊಂದಲ ಇತ್ತು, ಹೊಸಬರಿಗೆ ಉಪಯೋಗ ಆಗುತ್ತೆ ಅಂತ ಹೇಳ್ತೀನಿ. ಫೋನ್ ಆ್ಯಪಲ್ಲಿ ಕಾಣೋದು ಒಟ್ಟು ಒತ್ತಡ, ಹೊರಗಿನ ಗಾಳಿ ಒತ್ತಡಾನೂ ಸೇರಿ. ಇಂಜಿನ್ ಆಫ್ ಇಟ್ಟು ಬರೀ ಕೀ ಆನ್ ಮಾಡಿದ್ರೆ ಬಳ್ಳಾರೀಲಿ 95 ಕಿಲೋಪಾಸ್ಕಲ್ ತೋರ್ಸುತ್ತೆ, ಅದು ನಮ್ಮೂರ ಗಾಳಿದು. ಬೆಂಗಳೂರು ನಮಗಿಂತ 400 ಮೀಟರಿಗಿಂತ ಎತ್ತರ, ಅಲ್ಲಿ 90ರ ಹತ್ರ. ಗಾಡಿ ಒತ್ತಿದಾಗ 225 ಬಂದ್ರೆ ನಮ್ಮಲ್ಲಿ ಬೂಸ್ಟ್ 1.3 ಬಾರ್, ಅಲ್ಲಿ ಅದೇ 225 ಬರ್ಬೇಕಂದ್ರೆ ಟರ್ಬೋ ಇನ್ನೂ ಜೋರು ತಿರುಗಬೇಕು. ಅಂದ್ರೆ ಎತ್ತರದ ವಿಷಯದಲ್ಲಿ ನಮಗೇ ಲಾಭ. ಆದ್ರೆ ಆ ಲಾಭಾನ ಬಿಸಿಲು ನುಂಗಿ ನೀರು ಕುಡಿಯುತ್ತೆ, ಗಾಳಿ 25 ಡಿಗ್ರಿಯಿಂದ 42ಕ್ಕೆ ಹೋದ್ರೆ ಅದರ ಸಾಂದ್ರತೆ ಶೇಕಡ 5ರಷ್ಟು ಇಳಿಯುತ್ತೆ, ಜತೆಗೆ ನಾಕಿಂಗ್ ಭಯಕ್ಕೆ ಟೈಮಿಂಗೂ ಕಮ್ಮಿ ಮಾಡ್ಬೇಕು. ಅಲ್ಲಿನ ಫೈಲ್ ಇಲ್ಲಿ ನಡೆಯಲ್ಲ ಅನ್ನೋದು ಇದಕ್ಕೇ.

ಪೆಟ್ರೋಲ್ ಕಥೆ ಬೇರೆ. ಈಗ ಬರೋದು ಇ20, ಶೇಕಡ 20 ಎಥನಾಲ್. ಎಥನಾಲ್ ನಾಕಿಂಗ್ ತಡಿಯೋದ್ರಲ್ಲಿ ಒಳ್ಳೇದೇ, ಆದ್ರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಮಾಮೂಲಿ ಪೆಟ್ರೋಲಿಗೆ 1 ಕೆಜಿಗೆ 14.7 ಕೆಜಿ ಗಾಳಿ ಅನ್ನೋ ಲೆಕ್ಕ, ಇ20ಗೆ ಅದು 13.5ರ ಸುತ್ತಮುತ್ತ. ಇಂಜೆಕ್ಟರ್ ಹಳೇವೇ ಇರೋದ್ರಿಂದ ಅವಕ್ಕೂ ಒಂದು ಮಿತಿ ಐತೆ. ಹಂಗಾಗಿ ಟ್ಯೂನರ್ ಐದನೇ ಫೈಲಲ್ಲಿ ಬೂಸ್ಟನ್ನ 1.1 ಬಾರಿಗೆ ಕಟ್ಟಿ ಹಾಕಿದ್ರು, ಗಾಳಿ 60 ಡಿಗ್ರಿ ದಾಟಿದ್ರೆ ಇನ್ನೂ ಇಳಿಯೋ ಹಂಗೆ ಬರೆದ್ರು. ಸ್ಪಾರ್ಕ್ ಪ್ಲಗ್ ಒಂದು ನಂಬರ್ ತಂಪಿಂದು, ಅಂದ್ರೆ ಬಿಸಿ ಬೇಗ ಬಿಟ್ಟುಕೊಡೋದು, ಹಾಕಿ ಗ್ಯಾಪ್ ಕಮ್ಮಿ ಮಾಡಿದ್ವಿ, ಒತ್ತಡ ಜಾಸ್ತಿ ಆದ್ರೆ ಕಿಡಿ ಆರಿ ಹೋಗುತ್ತೆ. 95 ಆಕ್ಟೇನ್ ಪೆಟ್ರೋಲ್ ಸಿಗೋ ಬಂಕಲ್ಲೇ ಹಾಕಿಸ್ತೀನಿ. ಇಂಧನದ ರಬ್ಬರ್ ಪೈಪುಗಳು ಹಳೇ ಕಾಲದವು, ಅವನ್ನೂ ಬದಲಾಯಿಸಿದ್ವಿ. ಕಟಕಟ ನಿಂತ ದಿನ ದುರ್ಗಮ್ಮನ ಗುಡಿ ಮುಂದೆ ನಿಲ್ಸಿ ಒಂದು ಕಾಯಿ ಒಡೆಸಿದೆ, ಹರಕೆ ಏನೂ ಇರಲಿಲ್ಲ, ಸುಮ್ನೆ.

ಮುಗೀತು ಅಂದ್ಕೊಂಡಿದ್ದೆ. ಜೂನಲ್ಲಿ ಹೊಸಪೇಟೇಲಿ ಮದುವೆ, ಅತ್ತೆ ಮಾವ ಹಿಂದೆ ಕೂತಿದ್ರು, ತೋರಣಗಲ್ ದಾಟಿ ಎರಡು ಟ್ರೇಲರ್ ಒಟ್ಟಿಗೆ ಓವರ್‌ಟೇಕ್ ಮಾಡೋಕೆ ಹೋದೆ, ನಾಲ್ಕನೇ ಗೇರು, ಒತ್ತಿದೆ. ಮೀಟರಲ್ಲಿ ಆರ್‌ಪಿಎಂ ಮುಳ್ಳು 3000ದಿಂದ 4500ಕ್ಕೆ ಹಾರ್ತು, ಸ್ಪೀಡು 80ರಲ್ಲೇ ನಿಂತೈತೆ. ಎದುರಿಗೆ ಬಸ್. ಬ್ರೇಕ್ ಹೊಡೆದು ಲಾರಿ ಹಿಂದೆ ಸೇರ್ಕೊಂಡೆ, ಬದುಕಿದೆ. ಆಮೇಲೆ ಕಾರೊಳಗೆ ಒಂದು ವಾಸನೆ, ಸುಟ್ಟ ಹಳೇ ಚಪ್ಪಲಿ ಥರ. ಮಾವ ಕಿಟಕಿ ಇಳಿಸಿ "ಯಾವ್ದೋ ಫ್ಯಾಕ್ಟರಿ ಹೊಗೆ ಇರ್ಬೇಕು" ಅಂದ್ರು, ನಾನು ಹೌದು ಮಾವ ಅಂದೆ. ಕ್ಲಚ್ ಅದು. ಹಳೇ ಟಾರ್ಕಿಗೆ ಹೆಂಗೋ ಹಿಡ್ಕೊಂಡಿದ್ದ ಸವೆದ ಕ್ಲಚ್ ಪ್ಲೇಟು ಹೊಸ ಟಾರ್ಕಿಗೆ ಜಾರೋಕೆ ಶುರು ಮಾಡಿತ್ತು. ಮದುವೆ ಊಟ ಗಂಟಲಲ್ಲಿ ಇಳೀಲಿಲ್ಲ, ವಾಪಸ್ ಬರೋವಾಗ 60 ದಾಟದೆ ಬಂದೆ. ಮತ್ತೆ ಗೇರ್‌ಬಾಕ್ಸ್ ಇಳಿಸಿ 19 ಸಾವಿರದ ಕ್ಲಚ್ ಕಿಟ್. ಟರ್ಬೋ ಜತೆಗೇ ಕ್ಲಚ್ ನೋಡ್ಬೇಕಿತ್ತು, ಉಸ್ತಾದ್ ಹೇಳಿದ್ರು, ಆಮೇಲೆ ನೋಡೋಣ ಅಂದಿದ್ದು ನಾನೇ.

ಒಟ್ಟು ಖರ್ಚು: ಟರ್ಬೋ ಸೆಟ್ 52, ಟ್ಯೂನ್ 22, ಕ್ಲಚ್ 19, ಹೋಸು ಗ್ಯಾಸ್ಕೆಟ್ಟು ಪ್ಲಗ್ಗು ಸ್ಟಡ್ಡು ಪೈಪು ಸೇರಿ ಹದಿನಾಲ್ಕೂವರೆ, ಆಯಿಲ್ ಕೂಲೆಂಟ್ ಆರೂವರೆ, ಕೂಲಿ 12. ಅಲ್ಲಿಗೆ 1 ಲಕ್ಷ 26 ಸಾವಿರ. ಮನೇಲಿ ಹೇಳಿರೋ ನಂಬರ್ ಬೇರೆ.

ಹೆಂಗೈತೆ ಅಂತ ಕೇಳ್ತೀರಿ. ಪವರ್ ಅಳೆಯೋ ಡೈನೋ ಮೆಷಿನ್ ಮೇಲೆ ಹಾಕಿಲ್ಲ, ಅದಕ್ಕೇ ಹಾರ್ಸ್‌ಪವರ್ ಇಷ್ಟು ಅಂತ ಬಡಾಯಿ ಹೊಡೆಯಲ್ಲ. ಫೋನ್ ಜಿಪಿಎಸ್‌ನಲ್ಲಿ ನಾಲ್ಕನೇ ಗೇರಲ್ಲಿ 60ರಿಂದ 100ಕ್ಕೆ, ಹಳೇ ಟರ್ಬೋ ಚೆನ್ನಾಗಿದ್ದ ಕಾಲದಲ್ಲಿ ಬರೆದಿಟ್ಟಿದ್ದು 8.9 ಸೆಕೆಂಡು, ಈಗ 6.8. ಲಾರಿ ದಾಟೋವಾಗ ಅದು ಬೆನ್ನಿಗೆ ಗೊತ್ತಾಗುತ್ತೆ. ಆದ್ರೆ ಊರೊಳಗೆ ಹಳೇದೇ ಚೆನ್ನಾಗಿತ್ತು, ಇದು ನಾನು ಬೇಜಾರಿಲ್ದೆ ಹೇಳ್ತೀನಿ. ಚಕ್ರ ದೊಡ್ಡದಾದ್ರೆ ಅದನ್ನ ತಿರುಗಿಸೋಕೆ ಹೊಗೆ ಜಾಸ್ತಿ ಬೇಕು, ಮೊದ್ಲು 2000ಕ್ಕೇ ಎಳೀತಿದ್ದ ಗಾಡಿ ಈಗ 2700 ಆಗೋ ತನಕ ಮಲಗಿರುತ್ತೆ. ರಾಯಲ್ ಸರ್ಕಲ್ ಟ್ರಾಫಿಕ್ಕಲ್ಲಿ ಸ್ಕೂಟಿಗಳೂ ನನ್ನ ಹಿಂದೆ ಹಾಕ್ತಾವೆ. ಮೈಲೇಜ್ 11 ಇದ್ದದ್ದು 10ಕ್ಕೆ ಇಳಿದೈತೆ, ಅದರಲ್ಲಿ ನನ್ನ ಬಲಗಾಲಿನ ಪಾಲು ಎಷ್ಟೋ.

ಇನ್ನೊಂದು ವಿಷಯ ಯಾರೂ ಬಾಯಿ ಬಿಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಂಗೆ ಗಾಡಿ ಮಾರ್ಪಾಡು ಮಾಡಂಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಇನ್ಶೂರೆನ್ಸ್‌ನವರಿಗೆ ಹೇಳ್ದೇ ಇದ್ರೆ ನಾಳೆ ಏನಾದ್ರೂ ಆದಾಗ ಕ್ಲೇಮ್ ಕೈ ಬಿಡೋಕೆ ಅವರಿಗೆ ಒಂದು ನೆಪ ಸಿಕ್ಕಂಗೆ. ನಾನು ಬರೆದು ಕೊಟ್ಟಿದೀನಿ, ಇನ್ನೂ ಉತ್ತರ ಇಲ್ಲ. ಮಾಡಿಸೋದು ಬಿಡೋದು ನಿಮಗೆ ಬಿಟ್ಟಿದ್ದು, ಗೊತ್ತಿದ್ದು ಮಾಡಿಸಿ.

ಹಳೇ ಟರ್ಬೋ ತೂಕಕ್ಕೆ ಹಾಕಲಿಲ್ಲ. ಯೂನಿಟ್ಟಲ್ಲಿ ಕಟಿಂಗ್ ಟೇಬಲ್ ಮೇಲೆ ಫ್ಯಾನ್ ಗಾಳಿಗೆ ಪ್ಯಾಟರ್ನ್ ಪೇಪರ್ ಹಾರದಂಗೆ ಅದನ್ನ ಇಟ್ಟಿದೀವಿ, ಮಾಸ್ಟರ್ ಕೆಲಸ ಇಲ್ದಾಗ ಬೆರಳಲ್ಲಿ ಚಕ್ರ ತಿರುಗಿಸ್ತಾ ಫೋನಲ್ಲಿ ಮಾತಾಡ್ತಿರ್ತಾನೆ. ಹೊಸದು ಹಾಕಿ ಈಗ 4100 ಕಿಲೋಮೀಟರ್ ಆಯ್ತು, 5000ಕ್ಕೆ ಆಯಿಲ್ ಬದಲಾಯಿಸ್ಬೇಕು. ಪ್ರತಿ ಭಾನುವಾರ ಫಿಲ್ಟರ್ ಡಬ್ಬಿ ಕ್ಲಿಪ್ಪುಗಳನ್ನ ಒತ್ತಿ ನೋಡ್ತೀನಿ. ಒಂದೇ ಒಂದು ಕಿರಿಕಿರಿ ಉಳಿದೈತೆ, ಹೀಟ್ ಶೀಲ್ಡ್ ಸರಿಯಾಗಿ 3000 ಆರ್‌ಪಿಎಂನಲ್ಲಿ ಝಣಝಣ ಅನ್ನುತ್ತೆ. ಉಸ್ತಾದ್‌ಗೆ ಫೋನ್ ಮಾಡ್ದೆ, "ಶುಕ್ರವಾರ ಬಿಟ್ಟು ಯಾವತ್ತಾದ್ರೂ ಬಾ ಅಣ್ಣಾ, ಒಂದು ವಾಷರ್ ಹಾಕಿದ್ರೆ ಆಯ್ತು, ಆದ್ರೆ ಆ ಜೀನ್ಸ್ ಚೀಲ ಮಾತ್ರ ತರಬೇಡ" ಅಂದ್ರು.